ರಾಹುಕಾಲ ಕಳೆದ ಮೇಲಿನ ಹರಾಜು

ಬದರೀನಾಥನಿಗೆ ಆರು ಕರುಗಳನ್ನು ಕೊಳ್ಳಲು ಹಿಡಿದದ್ದು ಒಂದು ಲಂಚ್ ಬ್ರೇಕು. ಮಾರಲು ಹಿಡಿದದ್ದು ಆರು ತಿಂಗಳು, ಒಂದು ಪಿತೃಪಕ್ಷ, ಒಂದು ದಸರಾ ಮತ್ತು ಪದ್ಮನಾಭನ ಅಮೂಲ್ಯ ಸಲಹೆ.

ಪದ್ಮನಾಭ ಮಿಚಿಗನ್ನಿನ ಸ್ಟರ್ಲಿಂಗ್ ಹೈಟ್ಸಿನ ಆಫೀಸಿನಲ್ಲಿ ಪಕ್ಕದ ಸೀಟಿನವನು. ಇಬ್ಬರದೂ ಕಾರಿನ ಸೀಟು ಡಿಸೈನ್ ಮಾಡುವ ಕೆಲಸ. ದನಗಳ ಬಗ್ಗೆ ಪದ್ಮನಾಭನಿಗಿದ್ದ ಜ್ಞಾನವೆಲ್ಲ ಸೀಟಿನ ಲೆದರಿಗೆ ಸಂಬಂಧಪಟ್ಟದ್ದು. ಆದರೂ ಏಪ್ರಿಲ್‌ನ ಒಂದು ಮಧ್ಯಾಹ್ನ ಮೊಸರನ್ನ ಕಲಸುತ್ತಾ ಉಪದೇಶ ಶುರು ಮಾಡಿದ.

"ಫೀಡರ್ ಕ್ಯಾಟಲ್ ಅಂತಾರೆ ಬದರಿ. ಈಗ ಎಳೆ ಹೋರಿಗರು ತಗೋ, ಬೇಸಿಗೆಯೆಲ್ಲಾ ಹುಲ್ಲು ಮೇಯಿಸು, ತೂಕ ಬಂದ್ಮೇಲೆ ಕೊಬ್ಬಿಸೋರಿಗೆ ಮಾರು. ಆಮೇಲೆ ಅವರೇನ್ ಮಾಡ್ತಾರೋ ಅವರ ಕರ್ಮ. ನಮ್ಮದು ಬರೀ ಹುಲ್ಲಿನ ಬಿಸಿನೆಸ್ಸು."

ಈರುಳ್ಳಿ ಕೂಡ ಹಬ್ಬದ ದಿನ ಮುಟ್ಟದ ಬದರಿಗೆ ಈ ವೇದಾಂತ ಬಹಳ ಹಿಡಿಸಿತು. ಲಪೀರ್ ಕಡೆಯ ಡೇಲ್ ಎಂಬ ರೈತನ ಹುಲ್ಲುಗಾವಲಿನಲ್ಲಿ ಕರುಗಳನ್ನು ಬಿಟ್ಟ. ಮನೆಯಲ್ಲಿ ಹೆಂಡತಿ ಜಯಾಗೆ, "ಅಗ್ರಿಕಲ್ಚರ್‌ನಲ್ಲಿ ಸ್ವಲ್ಪ ದುಡ್ಡು ಹಾಕಿದೀನಿ ಕಣೇ," ಎಂದಷ್ಟೇ ಹೇಳಿದ.

"ಏನು, ಟೊಮ್ಯಾಟೊನಾ?"

"ಹ್ಞೂಂ, ಆ ಥರದ್ದೇ."

ಆಗಸ್ಟ್‌ನಲ್ಲಿ ಪೌಂಡಿಗೆ ಮೂರೂಮುಕ್ಕಾಲು ಡಾಲರ್ ಇತ್ತು. "ಮಾರೋದಾ? ಹುಚ್ಚಾ ನಿಂಗೆ? ಹೋಲ್ಡ್ ಮಾಡು!" ಎಂದ ಪದ್ಮನಾಭ. ಸೆಪ್ಟೆಂಬರ್‌ನಲ್ಲಿ ರೇಟು ಇಳಿಯತೊಡಗಿದಾಗ ಪಿತೃಪಕ್ಷ ಬಂತು. ಪಿತೃಪಕ್ಷದಲ್ಲಿ ವ್ಯವಹಾರ ಮಾಡುವುದುಂಟೇ? ಆಮೇಲೆ ದಸರಾ, ಲಕ್ಷ್ಮಿ ಮನೆಗೆ ಬರುವ ಹೊತ್ತಿನಲ್ಲಿ ಕರು ಹೊರಗೆ ಕಳಿಸುವುದುಂಟೇ? ಬದರಿ ದೇವರು, ಪಿತೃಗಳು ಎಲ್ಲರನ್ನೂ ಕೇಳಿ ಮಾರುವ ದಿನ ಹುಡುಕುತ್ತಿದ್ದ. ಮಾರ್ಕೆಟ್ ಯಾರನ್ನೂ ಕೇಳದೆ ಇಳಿಯುತ್ತಿತ್ತು.

ದೀಪಾವಳಿಯ ಹೊತ್ತಿಗೆ ಡೇಲ್‌ನ ತಾಳ್ಮೆ ಮುಗಿಯಿತು. "ಹುಲ್ಲು ಖಾಲಿ. ಬುಧವಾರದ ಹರಾಜಿಗೆ ಹಾಕು, ಇಲ್ಲಾಂದ್ರೆ ಏಪ್ರಿಲ್ ತನಕ ಒಣಹುಲ್ಲಿನ ಖರ್ಚು ನಿಂದು," ಎಂದು ಫೋನಿಟ್ಟ. ಬುಧವಾರ ಎಂದರೆ ಬಲಿಪಾಡ್ಯಮಿ. ಲೋಕದ ಕನ್ನಡಿಗರೆಲ್ಲ ಹಸುವಿಗೆ ಅರಿಶಿನ ಕುಂಕುಮ ಹಚ್ಚಿ ಗೋಪೂಜೆ ಮಾಡುವ ದಿನ. ಆರು ತಿಂಗಳು ಅಳೆದು ಸುರಿದು ನಮ್ಮ ಬದರಿ ಆರಿಸಿಕೊಂಡ ಶುಭದಿನ ಇದು.

ಬೆಳಿಗ್ಗೆ ಜಯಾ ಬಾಗಿಲಲ್ಲೇ ಹಿಡಿದಳು. "ರೀ, ಕ್ಲಬ್‌ಹೌಸಲ್ಲಿ ಗೋಪೂಜೆ ಇದೆ. ಇವತ್ತಾದ್ರೂ ರಜಾ ಹಾಕ್ಬಾರ್ದಾ?"

"ಪ್ಲಿಮತ್‌ನಲ್ಲಿ ಕ್ಲೈಂಟ್ ಮೀಟಿಂಗ್ ಕಣೇ. ತಪ್ಪಿಸಕ್ಕಾಗಲ್ಲ."

"ಹನ್ನೆರಡರಿಂದ ಒಂದೂವರೆ ರಾಹುಕಾಲ. ಏನೂ ಸೈನ್ ಮಾಡ್ಬೇಡಿ. ಹೊರಗೆ ಮೂವತ್ತೆಂಟೇ ಡಿಗ್ರಿ ಫ್ಯಾರನ್‌ಹೀಟು, ಕೊರೆಯೋ ಚಳಿ, ಇದು ಹಾಕ್ಕೊಳಿ," ಎಂದು ಮಂಕಿಕ್ಯಾಪ್ ಒಂದನ್ನು ತಲೆಗೆ ಎಳೆದಳು. ಅವಳ ತಾಯಿ ಮೈಸೂರಿನಲ್ಲಿ ಕೂತು ಹೆಣೆದದ್ದು. ಕಿತ್ತಳೆ ಬಣ್ಣ, ನೆತ್ತಿಯ ಮೇಲೆ ಹಸಿರು ಕುಚ್ಚು. ಅಂಥದ್ದು ಇಡೀ ಮಿಚಿಗನ್ನಿಗೆ ಒಂದೇ, ಅದು ಮಿಚಿಗನ್ನಿನ ಪುಣ್ಯ.

ಡ್ರೈವ್‌ವೇಯಲ್ಲಿ ಸರಳಾ ಆಂಟಿ ಅಡ್ಡ ನಿಂತಿದ್ದರು. ರಾಚೆಸ್ಟರ್ ಹಿಲ್ಸಿನ ಆ ಸಬ್‌ಡಿವಿಷನ್ನಿನಲ್ಲಿ ಯಾವ ಚಂದಾ ಎತ್ತುವುದಿದ್ದರೂ ಅವರದೇ ಮುಂದಾಳ್ತನ. "ಬದರಿ, ಈ ಸಲ ಗೋರಕ್ಷಣೆಗೆ ಕಲೆಕ್ಟ್ ಮಾಡ್ತಿದೀವಿ. ನಿಂದೇನಪ್ಪಾ?"

ಬದರಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೋದ ವರ್ಷ ಚಪ್ಪಲಿ ಸ್ಟ್ಯಾಂಡಿಗೆ ಆಂಟಿ ಒಟ್ಟು ಮಾಡಿದ್ದು ನೂರಾ ಎಂಬತ್ತು ಡಾಲರ್ ಎಂಬುದು ನೆನಪಾಯಿತು. ಅಷ್ಟಕ್ಕೆ ಪಾಪ ಪರಿಹಾರವಾದರೆ ಅಗ್ಗವೇ. "ನೀವೆಲ್ಲಾ ಸೇರಿ ಎಷ್ಟು ಹಾಕ್ತೀರೋ ಅಷ್ಟೇ ನಾನೊಬ್ಬನೇ ಹಾಕ್ತೀನಿ ಆಂಟಿ!"

"ಇನ್ನೊಂದ್ಸಲ ಹೇಳು, ವಿಡಿಯೋ ಮಾಡ್ಕೋತೀನಿ."

ಹೇಳಿದ. ಅವನ ಕಾರು ಸಿಗ್ನಲ್ ದಾಟುವ ಮೊದಲೇ ವಿಡಿಯೋ ವಾಟ್ಸಾಪಿನಲ್ಲಿತ್ತು.

ಹರಾಜಿನ ಅಂಗಳದಲ್ಲಿ ಡೇಲ್ ಕಾಯುತ್ತಿದ್ದ. "ಹನ್ನೆರಡೂವರೆಗೆ ನಿನ್ನ ಸರದಿ," ಎಂದ.

"ಒಂದೂವರೆ ಆದ ಮೇಲೆ ಹಾಕಿಸು."

"ಆ ಹೊತ್ತಿಗೆ ದೊಡ್ಡ ವ್ಯಾಪಾರಿಗಳು ಎದ್ದು ಹೋಗಿರ್ತಾರೆ. ಯಾಕೆ?"

"ಧಾರ್ಮಿಕ ಕಾರಣ."

ಡೇಲ್ ಗೌರವದಿಂದ ಟೋಪಿ ತೆಗೆದು ಸರದಿ ಬದಲಾಯಿಸಲು ಹೋದ. ಮಿಚಿಗನ್ನಿನಲ್ಲಿ ಆಗ ಸೂರ್ಯ ಎಂಟಕ್ಕೆ ಹುಟ್ಟುತ್ತಾನೆ, ರಾಹು ಮಾತ್ರ ಮೈಸೂರಿನ ಟೈಮಿಗೇ ಬರುತ್ತಾನೆ.

ಒಂದೂ ಮೂವತ್ತೈದಕ್ಕೆ ಆರೂ ಕರುಗಳು ಒಳಗೆ ಬಂದವು. ಅವುಗಳಲ್ಲಿ ಬಿಳಿ ಮುಖದ್ದೊಂದಕ್ಕೆ ಬದರಿಯ ಕೋಟಿನ ತೋಳು ನೆಕ್ಕುವ ಚಟ. ಈಗಲೂ ಅದು ಸೀದಾ ಅವನಿದ್ದ ಕಂಬಿಯ ಬಳಿ ಬಂದು ನಾಲಿಗೆ ಚಾಚಿತು. ಬದರಿ ಬೇರೆ ಕಡೆ ನೋಡಿದ.

ಉಳಿದಿದ್ದ ವ್ಯಾಪಾರಿ ಒಬ್ಬನೇ. ಅವನು ಆಕಳಿಸುತ್ತಾ ಎರಡೂವರೆ ಎಂದ. ಹರಾಜು ಕೂಗುವವನು ಬದರಿಯತ್ತ ನೋಡಿದ. ತಲೆ ಆಡಿಸಿದರೆ ಮಾರಾಟ, ಇಲ್ಲವಾದರೆ ಕರು ವಾಪಸ್ಸು. ಕಿವಿಯಲ್ಲಿದ್ದ ಫೋನಿನಿಂದ ಪದ್ಮನಾಭ, "ಹೋಲ್ಡ್! ಜನವರಿಗೆ ಏರತ್ತೆ!" ಎಂದು ಕೂಗಿದ. ಪಕ್ಕದಲ್ಲಿ ಡೇಲ್ ಮೆಲ್ಲಗೆ, "ನನ್ನ ಒಣಹುಲ್ಲು ತುಂಬಾ ದುಬಾರಿ," ಎಂದ. ಬದರಿ ಕಣ್ಣುಮುಚ್ಚಿ ಇನ್ನೇನು ತಲೆ ಆಡಿಸಬೇಕು...

"ಆನ್‌ಲೈನ್‌ನಲ್ಲಿ ಮೂರು!" ಎಂದು ಹರಾಜು ಕೂಗುವವನು ಅರಚಿದ.

ವ್ಯಾಪಾರಿಯ ಆಕಳಿಕೆ ನಿಂತಿತು. ಅವನು ಮೂರೂಕಾಲು ಎಂದ. ಆನ್‌ಲೈನ್ ಮೂರೂವರೆ ಎಂದಿತು. ಅವನು ನಾಲ್ಕು ಎಂದ. ಆನ್‌ಲೈನ್ ಯೋಚನೆಯನ್ನೇ ಮಾಡದೆ ಐದು ಎಂದಿತು. ವ್ಯಾಪಾರಿ ಕೈಮುಗಿಯುವುದೊಂದು ಬಾಕಿ, ಎದ್ದು ಕಾಫಿಗೆ ಹೋದ.

"ಹೋಲ್ಡ್! ಆರಾಗತ್ತೆ!" ಎಂದ ಪದ್ಮನಾಭ. ಬದರಿ ಜೀವನದಲ್ಲಿ ಮೊದಲ ಸಲ ಅವನ ಫೋನ್ ಕಟ್ ಮಾಡಿದ. ತಲೆ ಆಡಿಸಿದ್ದಲ್ಲ, ಇಡೀ ಮೈಯನ್ನೇ ಆಡಿಸಿದ. ಹಸಿರು ಕುಚ್ಚು ಹಾರುವಂತೆ ಮೂರು ಸುತ್ತು ಕುಣಿದು ಡೇಲ್‌ನನ್ನು ತಬ್ಬಿಕೊಂಡ. ಬಿದ್ದ ಮಾರ್ಕೆಟ್ಟಿನಲ್ಲಿ ಇಂಥ ರೇಟು! ಕಾಯಬೇಕು ಎಂದರೆ ಹೀಗೆ ಕಾಯಬೇಕು.

ಆ ಹುರುಪಿನಲ್ಲೇ ಪ್ರಸಾದಕ್ಕೆಂದು ನೇರ ಕ್ಲಬ್‌ಹೌಸಿಗೆ ಬಂದ. ಒಳಗೆ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. ಗೋಡೆಯ ದೊಡ್ಡ ಟಿವಿಗೆ ಚೆಂಡುಹೂವಿನ ಹಾರ, ಪರದೆಯ ಗಾಜಿಗೆ ಕುಂಕುಮ.

"ಬಾಪ್ಪಾ ಪುಣ್ಯಾತ್ಮ!" ಎಂದರು ಸರಳಾ ಆಂಟಿ. "ವರ್ಷಾ ವರ್ಷ ಹಿತ್ತಾಳೆ ಹಸೂಗೇ ಪೂಜೆ ಮಾಡಿ ಬೇಜಾರಾಗಿತ್ತು. ಈ ಸಲ ಲೈವ್ ಹಸು ಬೇಕು ಅಂದೆ. ಲತಾಶ್ರೀ ಮಗಳು ಮೇಧಾ ಫೋನಲ್ಲಿ ಹುಡುಕಿ ಟಿವಿಗೆ ಹಾಕಿದ್ಲು. ರಾಹುಕಾಲ ಕಳೀತು, ಆನ್ ಮಾಡಿದ್ವಿ, ಆರು ಕರು! ಮಂಗಳಾರತಿ ಎತ್ತಿದೀವಿ, ಈ ಹುಡುಗಿ 'ಆಂಟಿ, ದಿಸ್ ಈಸ್ ಆ್ಯನ್ ಆಕ್ಷನ್, ದೇ ಬಿಕಮ್ ಬೀಫ್' ಅನ್ನೋದೇ!"

ಬದರಿಯ ಬಾಯಲ್ಲಿದ್ದ ಕೊಬ್ಬರಿ ಮಿಠಾಯಿ ಅಲ್ಲೇ ನಿಂತಿತು.

"ಆರತಿ ಎತ್ತಿದ ಕೈಲಿ ಬಿಟ್ಕೊಡಕ್ಕಾಗತ್ತಾ? ಡಾಕ್ಟರ್ ಲತಾಶ್ರೀ ಕ್ರೆಡಿಟ್ ಕಾರ್ಡ್ ಕೊಟ್ಟೇಬಿಟ್ರು. ಅರ್ಧ ನಮ್ಮೆಲ್ಲರದು, ಅರ್ಧ ನಿಂದು. ವಿಡಿಯೋದಲ್ಲಿ ನೀನೇ ಹೇಳಿದ್ಯಲ್ಲಾ, ಅದೇ ಧೈರ್ಯದ ಮೇಲೆ ಐದಕ್ಕೆ ಹೋದ್ವಿ."

"ಕರುಗಳನ್ನ... ಎಲ್ಲಿಡ್ತೀರಾ?"

"ಹರಾಜಿನೋರೇ ಯಾರೋ ಡೇಲ್ ಅಂತ ರೈತನ್ನ ಹೇಳಿದ್ರು. ಅವು ಸಾಯೋ ತನಕ ಸಾಕ್ತಾನಂತೆ, ಒಣಹುಲ್ಲಿನ ಖರ್ಚು ಕೊಟ್ರೆ ಸಾಕು. ಅದರಲ್ಲೂ ಅರ್ಧ ನಿಂದೇ ಅಲ್ವಾ!"

ಬದರಿ ಕುರ್ಚಿ ಹುಡುಕಿಕೊಂಡು ಕೂತ. ದೇವರೇ, ಮಾರಿದವನು ಯಾರೆಂದಾದರೂ ಇವರಿಗೆ ತಿಳಿಯದಿದ್ದರೆ ಸಾಕು, ಉಳಿದದ್ದು ಹೇಗೋ ತೂಗಿಸುತ್ತೇನೆ ಎಂದುಕೊಂಡ.

ಅಷ್ಟರಲ್ಲಿ ಒಳಗೆ ಪಾಯಸ ನೋಡಿಕೊಳ್ಳುತ್ತಿದ್ದ ಜಯಾ ಸೌಟು ಹಿಡಿದುಕೊಂಡೇ ಬಂದಳು. "ಆಂಟಿ, ನಾನೊಬ್ಬಳೇ ನೋಡ್ಲಿಲ್ಲ. ನಮ್ಮ ಕರುಗಳು ಹೇಗಿವೆ?"

"ಕರು ಬಂಗಾರ ಕಣೇ. ಆದ್ರೆ ಮಾರಿದ ಆ ಕಟುಕ ಇದಾನಲ್ಲಾ, ನಾವಿಲ್ಲಿ ಅಳ್ತಿದ್ರೆ ಅವನಲ್ಲಿ ಕುಣೀತಿದ್ದ! ಧೂಪದ ಹೊಗೇಲಿ ಮುಖ ಸರಿಯಾಗಿ ಕಾಣಲಿಲ್ಲ."

"ಡೋಂಟ್ ವರಿ ಆಂಟಿ," ಎಂದಳು ಮೇಧಾ, "ಐ ರೆಕಾರ್ಡೆಡ್ ಇಟ್."

ಬದರಿಯ ಕೈ ತಾನಾಗಿ ತಲೆಗೆ ಹೋಯಿತು. ಮಂಕಿಕ್ಯಾಪ್ ಇನ್ನೂ ಅಲ್ಲೇ ಇತ್ತು. ಟಿವಿಯಲ್ಲಿ ಕುಂಕುಮದ ಬೊಟ್ಟಿನ ಹಿಂದೆ ಬಿಳಿ ಮುಖದ ಕರು ಯಾರದೋ ತೋಳು ನೆಕ್ಕುತ್ತಿತ್ತು. ಆಮೇಲೆ ಕಿತ್ತಳೆ ಬಣ್ಣದ್ದೇನೋ ಹಸಿರು ಕುಚ್ಚು ಕುಣಿಸುತ್ತಾ ಮೂರು ಸುತ್ತು ಹಾಕಿತು.

ಜಯಾ ಟಿವಿ ನೋಡಿದಳು. ಗಂಡನ ತಲೆ ನೋಡಿದಳು. ಮತ್ತೆ ಟಿವಿ ನೋಡಿದಳು.

"ರೀ," ಎಂದಳು, "ಟೊಮ್ಯಾಟೊ ಚೆನ್ನಾಗಿ ಮೈಕೈ ತುಂಬ್ಕೊಂಡಿದೆ."