ವಾಷಿಂಗ್ ಮಷೀನೂ ಬಾಯಿ ಬಿಡದ ಟೈಲರೂ

ಅಧ್ಯಕ್ಷರ ಬಿಳಿ ಶರ್ಟಿನ ತೋಳು ವಾಷಿಂಗ್ ಮಷೀನಿನಿಂದ ಎರಡು ಸೀಳಾಗಿ ಮೇಲೆ ಬಂತು. ಅಲ್ಲಿಗೆ ನಮ್ಮ ಟೈಲರನ ಗ್ರಹಚಾರ ಶುರುವಾಯಿತು.

ಟೈಲರನ ಅಂಗಡಿ ಇದ್ದದ್ದು ಐದು ಮಹಡಿಯ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಹೊಲಿಗೆ ಯಂತ್ರ, ಮೇಜು, ಟೈಲರ್ ಮೂವರೂ ಒಳಗೆ ಹಿಡಿಸಿದರೆ ಗಿರಾಕಿ ಹೊರಗೇ ನಿಲ್ಲಬೇಕು. ಪಕ್ಕದಲ್ಲೇ ಒಗೆಯುವ ಕೋಣೆ. ಅಲ್ಲಿ ಇಡೀ ಕಟ್ಟಡಕ್ಕೆ ಸೇರಿದ ಒಂದು ಹಳೆಯ ಮಷೀನು. ಮುಚ್ಚಳ ತೆಗೆದು ಮೇಲಿನಿಂದ ಬಟ್ಟೆ ತುಂಬುವಂಥದ್ದು, ಒಳಗೆ ನಡುವೆ ಒಂದು ಕಂಬ. ಅದು ತಿರುಗಲು ಹೊರಟರೆ ಟೈಲರನ ಕತ್ತರಿ ಮೇಜಿನ ಮೇಲೆ ತಾನಾಗಿಯೇ ನಡೆದು ಹೋಗುತ್ತಿತ್ತು.

ಅಧ್ಯಕ್ಷರು ಎಂದರೆ ಆ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ನಿವೃತ್ತಿಯೆಲ್ಲ ಕೆಲಸಕ್ಕೆ ಮಾತ್ರ. ಎದುರಿಗೆ ಬಂದವರನ್ನೆಲ್ಲ ಟಿಕೆಟ್ ಇಲ್ಲದವರಂತೆ ನೋಡುವ ಅಭ್ಯಾಸ ಹಾಗೇ ಉಳಿದಿತ್ತು.

"ಟೈಲರ್, ಇದು ತಾನಾಗಿ ಹರಿದಿದ್ದಾ, ಯಾರಾದ್ರೂ ಹರಿದಿದ್ದಾ?" ಎಂದು ಅವರು ಶರ್ಟನ್ನು ಮೇಜಿನ ಮೇಲೆ ಹಾಕಿದರು.

"ಮಷೀನಲ್ಲಿ ಹರಿದಿದೆ ಸಾರ್. ಹೊಲಿದಿಡ್ತೀನಿ, ನಾಳೆ ಬನ್ನಿ."

"ನಾಳೆ ಯಾಕೆ? ಈಗಲೇ ಆಗಲ್ವಾ?"

ಟೈಲರ್ ಹಿಂದಿದ್ದ ಬಟ್ಟೆಯ ರಾಶಿಯನ್ನು ಹೆಮ್ಮೆಯಿಂದ ತೋರಿಸಿದ. "ಈ ವಾರ ಉಸಿರಾಡೋಕೂ ಪುರುಸೊತ್ತಿಲ್ಲ ಸಾರ್. ಎಲ್ಲರ ಬಟ್ಟೇನೂ ಚಿಂದಿ ಆಗ್ತಿದೆ. ಎಲ್ಲಾ ನಿಮ್ಮ ಆಶೀರ್ವಾದ."

ಆ ಮಾತನ್ನು ಅವನು ಆಡಬಾರದಿತ್ತು. ಅಧ್ಯಕ್ಷರ ಕಣ್ಣು ರಾಶಿಯ ಮೇಲೆ ಹೋಯಿತು, ಒಗೆಯುವ ಕೋಣೆಯ ಬಾಗಿಲ ಮೇಲೆ ಹೋಯಿತು, ಮತ್ತೆ ಟೈಲರನ ಮುಖಕ್ಕೆ ಬಂದು ನಿಂತಿತು.

"ಬಟ್ಟೆ ಹರಿದಷ್ಟೂ ನಿನಗೆ ಒಳ್ಳೇದು ಅನ್ನು."

ಅದೇ ಹೊತ್ತಿಗೆ ಎರಡನೇ ಮಹಡಿಯ ನರ್ಸಮ್ಮ ಜೇಬು ಕಿತ್ತುಹೋದ ಯೂನಿಫಾರ್ಮ್ ಹಿಡಿದು ಬಂದವಳು ಇದನ್ನು ಕೇಳಿಸಿಕೊಂಡಳು. ಅವಳ ಕಿವಿಗೆ ಬಿದ್ದದ್ದು ಐದೂ ಮಹಡಿಗೆ ಬಿದ್ದ ಹಾಗೆ. ಮಧ್ಯಾಹ್ನದೊಳಗೆ ಟೈಲರ್ ಮಷೀನಿನೊಳಗೆ ಬ್ಲೇಡು ಕಟ್ಟಿದ್ದಾನೆ ಎಂಬಲ್ಲಿಗೆ ಸುದ್ದಿ ಬೆಳೆದಿತ್ತು. ಸಂಜೆ ಸಂಘದ ಸಭೆ ಎಂದೂ, ಮೆಟ್ಟಿಲ ಕೆಳಗಿನ ಕೋಣೆಯನ್ನು ಖಾಲಿ ಮಾಡಿಸುವ ವಿಚಾರವೆಂದೂ ಅಧ್ಯಕ್ಷರು ಹೇಳಿಕಳಿಸಿದರು.

ಆ ಕೋಣೆ ಹೋದರೆ ಟೈಲರಿಗೆ ಬೇರೆ ಬದುಕಿಲ್ಲ.

"ನೀವು ಯಾರಿಗೂ ಏನೂ ಮಾಡಿಲ್ಲ ತಾನೇ?" ಎಂದು ಹೆಂಡತಿ ಕೇಳಿದಳು. ಅವಳೂ ಹೊರಗೆ ಮೆಟ್ಟಿಲ ಮೇಲೆ ಕೂತು ಗುಂಡಿ, ಕಾಜ ನೋಡಿಕೊಳ್ಳುವವಳು.

"ನಿನಗೂ ಅನುಮಾನಾನಾ?"

"ಅನುಮಾನ ಅಲ್ಲ ಕಣ್ರೀ, ಕೇಳ್ದೆ ಅಷ್ಟೆ. ಅವರೇ ಮಷೀನಿಗೆ ಬಟ್ಟೆ ಹೇಗೆ ಹಾಕ್ತಾರೆ ಅಂತ ಒಂದು ಗಳಿಗೆ ನೋಡಬಾರದಾ?"

ಟೈಲರ್ ಒಗೆಯುವ ಕೋಣೆಯ ಕಿಟಕಿಗೆ ಕಣ್ಣು ಹಚ್ಚಿ ನಿಂತ. ನರ್ಸಮ್ಮ ಜಿಪ್ ತೆರೆದ ಬಟ್ಟೆ, ಕೊಕ್ಕೆಯ ಬಟ್ಟೆ, ಎಲ್ಲವನ್ನೂ ಒಟ್ಟಿಗೆ ಸುರಿದು ಹೋದಳು. ಆಮೇಲೆ ಅಧ್ಯಕ್ಷರು ಬಂದರು. ಹಾಸಿಗೆಯ ಚಾದರವನ್ನು ನಡುವಿನ ಕಂಬಕ್ಕೆ ಪೇಟದ ಹಾಗೆ ಸುತ್ತಿದರು, ಅದರ ಮೇಲೆ ಬಟ್ಟೆ ಒಟ್ಟಿದರು, ತುಂಬಿದ ರೈಲಿಗೆ ಜನರನ್ನು ನೂಕುವ ಹಾಗೆ ಎರಡೂ ಕೈಯಲ್ಲಿ ಅದುಮಿದರು. ಬಟ್ಟೆಯ ಮಾನ ಬಲ್ಲ ಟೈಲರ್, ಇನ್ನು ಹರಿಯದೆ ಏನಾಗುತ್ತೆ! ಎಂದುಕೊಳ್ಳುವಷ್ಟರಲ್ಲಿ ಅಧ್ಯಕ್ಷರು ತಿರುಗಿ ನೋಡಿದರು. ಕಿಟಕಿಯಲ್ಲಿ ಎರಡು ಕಣ್ಣು.

"ಯಾಕೆ? ನಿನ್ನ ಬ್ಲೇಡು ಕೆಲಸ ಮಾಡುತ್ತಾ ಇಲ್ವಾ ಅಂತ ನೋಡ್ತಿದೀಯಾ?"

ಟೈಲರ್ ಅಲ್ಲಿಂದ ಕಾಲಿಗೆ ಬುದ್ಧಿ ಹೇಳಿದ.

ಸಂಜೆ ಒಗೆಯುವ ಕೋಣೆಯಲ್ಲೇ ಸಭೆ ಸೇರಿತು. ಟೈಲರ್ ಧೈರ್ಯ ತಂದುಕೊಂಡು ಎದ್ದುನಿಂತ. "ಸಾರ್, ಬಟ್ಟೆ ಹರೀತಿರೋದು ನೀವುಗಳು ತುಂಬೋ ರೀತಿಗೆ. ಬೇಕಾದ್ರೆ ನಾನೊಂದು ಸಲ ಒಗೆದು ತೋರಿಸ್ತೀನಿ. ಒಂದು ದಾರ ಕಿತ್ತು ಬಂದರೂ ಕೋಣೆ ಬಿಟ್ಟು ಹೋಗ್ತೀನಿ. ಒಳಗೆ ಬ್ಲೇಡೂ ಇಲ್ಲ ಗೀಡೂ ಇಲ್ಲ, ನೋಡಿ, ಹೇಗೆ ಗಾಜಿನ ಹಾಗಿದೆ!" ಎಂದು ಮಷೀನಿನೊಳಗೆ ಕೈಯಿಟ್ಟು ಗೋಡೆಯುದ್ದಕ್ಕೂ ಸವರಿದ.

ಬೆರಳಿಗೆ ಚುಳ್ಳೆಂದು ಏನೋ ಚುಚ್ಚಿತು.

ಬಗ್ಗಿ ನೋಡಿದ. ಅಂಚಿನ ಕೆಳಗೆ, ನೀರು ಸೋಸುವ ತೂತಿನಲ್ಲಿ ಸಿಕ್ಕಿಕೊಂಡು, ಮೊನೆ ಹೊರಗೆ ಚಾಚಿಕೊಂಡು ನಿಂತಿತ್ತು ಒಂದು ಗುಂಡುಸೂಜಿ. ಈ ಕಟ್ಟಡದಲ್ಲಿ ಗುಂಡುಸೂಜಿ ಎಂದರೆ ಅವನದಲ್ಲದೆ ಇನ್ಯಾರದು? ಅಂಗಿಯ ಎದೆಗೆ ಚುಚ್ಚಿಕೊಂಡು ಮರೆತು, ಹಾಗೇ ಒಗೆಯಲು ಹಾಕಿರಬೇಕು. ಅಂದರೆ ಎಲ್ಲರ ಬಟ್ಟೆ ಹರಿದವನು ತಾನೇ!

"ಏನು ಸಿಕ್ತು?" ಅಧ್ಯಕ್ಷರು ಮುಂದೆ ಬಂದರು.

ಟೈಲರ್ ಅದನ್ನು ಫಕ್ಕನೆ ಕಿತ್ತ. ಎಲ್ಲಿ ಅಡಗಿಸುವುದು ಎಂದು ಬುದ್ಧಿ ಯೋಚಿಸುವ ಮೊದಲೇ ಕೈ ತನ್ನ ಕಸುಬಿನ ಕೆಲಸ ಮಾಡಿತು: ಸೂಜಿ ತುಟಿಗಳ ನಡುವೆ ಹೋಯಿತು. ಬಾಯಿ ಮುಚ್ಚಿತು.

"ಏನೂ ಇಲ್ವಾ?"

"ಮ್ಮ್," ಎಂದ ಟೈಲರ್.

ಅಲ್ಲಿಂದ ಮುಂದೆ ಎಲ್ಲವೂ ಮೂಕಾಭಿನಯ. ಅವನು ಜಿಪ್ಪುಗಳನ್ನು ಎಳೆದು ಮುಚ್ಚಿದ, ಶರ್ಟುಗಳನ್ನು ಒಳಮೈ ಹೊರಗೆ ಮಾಡಿದ, ಕೊಕ್ಕೆಯಿದ್ದವನ್ನು ಬಲೆಯ ಚೀಲದಲ್ಲಿ ಕಟ್ಟಿದ. ಅರ್ಧಕ್ಕಿಂತ ತುಸು ಮೇಲೆ, ಕಂಬದ ಸುತ್ತ ಸಡಿಲವಾಗಿ ಬಟ್ಟೆ ಹರಡಿ, ಮಷೀನಿನ ಗುಂಡಿಯನ್ನು ಮೆತ್ತನೆಯ ಒಗೆತಕ್ಕೆ ತಿರುಗಿಸಿದ. ಅಧ್ಯಕ್ಷರು ಪಕ್ಕದಲ್ಲಿ ನಿಂತು ಅರ್ಥ ಹೇಳಿದರು. "ನೋಡಿ, ಉಜ್ಜಾಟವೆಲ್ಲ ಒಳಮೈಗೆ ಹೋಗ್ಲಿ ಅಂತ ತಿರುಗಿಸಿದಾರೆ. ಬಟ್ಟೆಗೆ ಕದಲೋಕೆ ಜಾಗ ಬಿಟ್ಟಿದಾರೆ." ಅವರ ಬಾಯಲ್ಲಿ ಟೈಲರ್ ಆಗಲೇ 'ಇವರು' ಆಗಿದ್ದ.

ಮಷೀನು ನಿಂತಿತು. ಒಂದೊಂದೇ ಬಟ್ಟೆ ಮೇಲೆ ಬಂತು. ಒಂದು ಎಳೆಯೂ ಕಿತ್ತಿರಲಿಲ್ಲ.

"ನನ್ನ ಇಡೀ ಸರ್ವೀಸಲ್ಲಿ ಕಳ್ಳರು ಬಾಯಿ ಮುಚ್ಚಿದ್ದನ್ನ ನೋಡಿಲ್ಲ," ಎಂದರು ಅಧ್ಯಕ್ಷರು. "ಈ ಮನುಷ್ಯ ಒಂದು ಎದುರು ಮಾತಾಡಲಿಲ್ಲ. ಇವರು ನಿರಪರಾಧಿ. ಕೋಣೆ ಇವರದೇ!"

ಚಪ್ಪಾಳೆ ಬಿತ್ತು. ಟೈಲರನ ಕಣ್ಣಲ್ಲಿ ನೀರು ಬಂತು; ಅರ್ಧ ಸಂತೋಷಕ್ಕೆ, ಅರ್ಧ ನಾಲಿಗೆಗೆ ಚುಚ್ಚಿದ್ದಕ್ಕೆ.

"ಹಾಗಾದ್ರೆ ಇನ್ಮೇಲೆ ಎಲ್ಲರ ಬಟ್ಟೇನೂ ಇವರೇ ಒಗೆದುಕೊಡ್ಲಿ," ಎಂದಳು ನರ್ಸಮ್ಮ. "ಹೆಂಗೂ ಹರಿಯಲ್ವಲ್ಲ, ಹೊಲಿಯೋ ಕೆಲಸಾನೂ ಇರಲ್ಲ."

"ಒಳ್ಳೇ ಮಾತು! ಸಂಘದ ಸೇವೆ ಅಂತ ಮಾಡ್ಲಿ. ಒಪ್ಪಿಗೆ ತಾನೇ ಟೈಲರ್ರೇ? ಇಲ್ಲ ಅನ್ನೋದಾದ್ರೆ ಈಗಲೇ ಹೇಳಿಬಿಡಿ."

ಟೈಲರ್ ಕೈಯಾಡಿಸಿದ, ತಲೆಯಾಡಿಸಿದ, ಕಣ್ಣು ಬಿಟ್ಟ. "ಮ್ಮ್! ಮ್ಮ್ ಮ್ಮ್!"

"ಎಷ್ಟು ಉತ್ಸಾಹ ನೋಡಿ!" ಎಂದು ಸಭೆ ಮುಗಿಯಿತು.

ಕೋಣೆಗೆ ಬಂದೊಡನೆ ಹೆಂಡತಿ ಹರಿಹಾಯ್ದಳು. "ಬಿಟ್ಟಿ ಅಗಸರಾಗ್ತೀನಿ ಅಂತ ಒಪ್ಕೊಂಡು ಬಂದ್ರಲ್ಲ! ಬಾಯಲ್ಲಿ ಏನಿಟ್ಕೊಂಡಿದ್ರಿ?"

ಟೈಲರ್ ತೆಗೆದು ಅವಳ ಅಂಗೈಯಲ್ಲಿಟ್ಟ. "ನಮ್ಮ ಸೂಜಿ ಕಣೇ. ಮಷೀನಲ್ಲಿತ್ತು. ಎಲ್ಲ ನನ್ನದೇ ತಪ್ಪು."

ಹೆಂಡತಿ ಅದನ್ನು ದೀಪದ ಹತ್ತಿರ ಹಿಡಿದಳು. "ನಮ್ಮದಾ? ಗುಂಡುಸೂಜಿಗೆ ತಲೆ ಬೇಡ್ವಾ? ಇದು ಬ್ಯಾಡ್ಜಿನ ಹಿಂದಿರೋ ಪಿನ್ನು. ಹೋದ ವಾರ ಅಧ್ಯಕ್ಷರು ಬಂದು, ಸಂಘದ ಬ್ಯಾಡ್ಜನ್ನ ಶರ್ಟಲ್ಲೇ ಮರೆತು ಒಗೆಯೋಕೆ ಹಾಕ್ಬಿಟ್ಟೆ, ಪಿನ್ನು ಎಲ್ಲೋ ಬಿದ್ದೋಯ್ತು ಅಂದ್ರು. ನಾನೇ ಪಿನ್ನಿನ ಬದಲು ದಾರ ಹಾಕಿ ಕೊಟ್ಟಿದ್ದೆ."

ಟೈಲರ್ ಚಂಗನೆ ಎದ್ದು ಪಿನ್ನನ್ನು ಕಿತ್ತುಕೊಂಡು ಬಾಗಿಲಿಗೆ ನುಗ್ಗಿದ. ಬಾಗಿಲಲ್ಲಿ ಅಧ್ಯಕ್ಷರೇ ನಿಂತಿದ್ದರು, ತಲೆಯ ಮಟ್ಟಕ್ಕೆ ಬರುವ ಬಟ್ಟೆಯ ಗಂಟು ಹೊತ್ತು.

"ಮೊದಲ ಕಂತು," ಎಂದು ಗಂಟನ್ನು ಇಳಿಸಿದರು. ಟೈಲರನ ಮುಷ್ಟಿಯನ್ನು ನೋಡಿದರು. ಟಿಕೆಟ್ ಕೇಳುವ ಕಣ್ಣು ಮತ್ತೆ ತೆರೆಯಿತು. "ಕೈಯಲ್ಲೇನು? ಏನೋ ಹೇಳೋಕೆ ಬಂದ ಹಾಗಿತ್ತಲ್ಲ?"

ಟೈಲರ್ ಬಾಯಿ ತೆರೆದ. ಎಲ್ಲಿ ಸಿಕ್ತು ಅಂತ ಕೇಳುತ್ತಾರೆ. ಮಷೀನಲ್ಲಿ ಅನ್ನಬೇಕು. ಆಗಲೇ ಯಾಕೆ ತೋರಿಸಲಿಲ್ಲ, ಇಷ್ಟು ಹೊತ್ತು ಎಲ್ಲಿ ಬಚ್ಚಿಟ್ಟಿದ್ದೆ ಅಂತ ಕೇಳುತ್ತಾರೆ. ಅದಕ್ಕೆ ಏನನ್ನಬೇಕು?

ಈಗ ಬಾಯಲ್ಲಿ ಏನೂ ಇರಲಿಲ್ಲ. ಆದರೂ ಟೈಲರ್ ಅದನ್ನು ಮುಚ್ಚಿ, "ಮ್ಮ್," ಎಂದು ಗಂಟನ್ನು ಎತ್ತಿಕೊಂಡ.