ಕಾಳಜ್ವಾಲೆಯ ಕಾರ್ಡು

ಇಪ್ಪತ್ತೈದು ವರ್ಷ ಒಂದೇ ಕೆಲಸ ಮಾಡಿದ ಮನುಷ್ಯನ ಕೈಗೆ ಬೇರೆ ಕೆಲಸ ಕೊಡಬಾರದು. ತಲೆ ಒಪ್ಪಿದರೂ ಕೈ ಒಪ್ಪುವುದಿಲ್ಲ. ಜಯನಗರದಲ್ಲಿ ನನ್ನದೊಂದು ಲಗ್ನಪತ್ರಿಕೆ ಅಂಗಡಿ. ವರನ ಅಜ್ಜನ ಹೆಸರು ಬಿಟ್ಟುಹೋಗಿ ಮುರಿದುಬೀಳಲಿದ್ದ ಒಂದು ಮದುವೆಯನ್ನು ರಾತ್ರೋರಾತ್ರಿ ಮರುಮುದ್ರಣ ಮಾಡಿ ಉಳಿಸಿದ್ದೇನೆಂಬ ಜಂಬವೂ ನನಗಿದೆ. ಹೆಸರು ಬಿಟ್ಟವನು ನಾನೇ ಎಂಬುದು ಬೇರೆ ಮಾತು.

ನನ್ನ ಮಗಳು ಸಿರಿಗೆ ಹದಿನಾರು ವರ್ಷ. ಅಂಗಡಿಯ ಹೆಸರೆತ್ತಿದರೆ ಮೂಗು ಮುರಿಯುವ ಅವಳು ಹೋದ ತಿಂಗಳು ತಾನಾಗಿಯೇ ಬಂದು, "ಅಪ್ಪಾ, ನಂಗೊಂದು ಕಾರ್ಡ್ ಡಿಸೈನ್ ಮಾಡ್ಕೊಡ್ತೀಯಾ?" ಎಂದಳು. ಹಿಗ್ಗಿ ಹೀರೇಕಾಯಿಯಾದೆ. ಭಾನುವಾರ ಜೆ.ಪಿ. ನಗರದ ಗೆಳತಿಯ ಮನೆಯಲ್ಲಿ ಇವರೆಲ್ಲ ಸೇರಿ ಒಂದು ಆಟ ಆಡುತ್ತಾರಂತೆ. ಒಬ್ಬೊಬ್ಬರೂ ಒಂದು ಪಾತ್ರವನ್ನು ಸೃಷ್ಟಿಸಿ, ಅದರ ಚಿತ್ರ, ಪೂರ್ವಕಥೆ, ಶಕ್ತಿ ಎಲ್ಲವನ್ನೂ ಅಂಗೈಯಗಲದ ಕಾರ್ಡಿನಲ್ಲಿ ಅಚ್ಚು ಹಾಕಿಸಿಕೊಂಡು ಯುದ್ಧಕ್ಕಿಳಿಯಬೇಕು. ಇವಳದು ಕಾಳಜ್ವಾಲೆ ಎಂಬ ಮಾಟಗಾತಿ. ತನ್ನನ್ನು ಶತ್ರುವಿಗೆ ಒಪ್ಪಿಸಿದ ಅಪ್ಪನನ್ನು ಅರಮನೆ ಸಮೇತ ಸುಟ್ಟು, ಆ ಬೂದಿಯಲ್ಲೇ ಕೋಟೆ ಕಟ್ಟಿಕೊಂಡು ಒಂಟಿಯಾಗಿದ್ದಾಳೆ.

"ಒಳಗೆ ಯಾರನ್ನೂ ಬಿಡಲ್ಲ, ಅದೇ ಅವಳ ಪವರ್ರು. ಹುಷಾರಾಗಿ ಬರಿ ಅಪ್ಪಾ, ಕಾರ್ಡಲ್ಲಿ ಏನಿರತ್ತೋ ಅದೇ ರೂಲು. ಆಗ್ಲೇ ಮೂರು ಸಲ ಸೋತಿದ್ದೀನಿ. ಈ ಸಲನೂ ಸೋತ್ರೆ ನಾನು ಮತ್ತೆ ಅಲ್ಲಿಗೆ ಹೋಗಲ್ಲ," ಎಂದಳು.

ಮಗಳ ಮಾನ ನನ್ನ ಕೈಯಲ್ಲಿತ್ತು. ಎರಡು ದಿನ ಗಿರಾಕಿಗಳನ್ನೂ ಕಾಯಿಸಿ ಕರಡು ಸಿದ್ಧಮಾಡಿದೆ. ಮೇಲೆ ಪುಟ್ಟ ಗಣಪತಿ, ಎರಡೂ ಬದಿಗೆ ಬಾಳೆಕಂದು, ನಡುವೆ ಬಂಗಾರದ ಅಕ್ಷರದಲ್ಲಿ "ಮಹಾರಾಜ ಧೂಮ್ರಸೇನರ ದ್ವಿತೀಯ ಪುತ್ರಿ ಚಿ|| ಸೌ|| ಕಾಳಜ್ವಾಲೆ."

"ಅಪ್ಪಾ! ಅವಳು ಅವರಪ್ಪನ್ನ ಸುಟ್ಟಾಕಿದ್ದಾಳೆ!" ಎಂದು ಸಿರಿ ಚೀರಿದಳು.

"ಹೌದಲ್ವಾ, ಮರ್ತೇಬಿಟ್ಟೆ. ದಿವಂಗತ ಅಂತ ಸೇರಿಸ್ತೀನಿ ಬಿಡು," ಎಂದೆ.

ಅವಳು ಪಕ್ಕದಲ್ಲೇ ಕುಳಿತು ಗಣಪತಿಯನ್ನು ಕಳಿಸಿಕೊಟ್ಟಳು, ಬಾಳೆಕಂದು ಕಡಿದಳು, ಧೂಮ್ರಸೇನರ ಇಡೀ ವಂಶವನ್ನು ಅಳಿಸಿಹಾಕಿದಳು. ನಾನು ಕಪ್ಪು ಬಣ್ಣ ತುಂಬಿದೆ. ಲಗ್ನಪತ್ರಿಕೆಗೆ ಕಪ್ಪು ಬಳಸಿ ಗೊತ್ತಿಲ್ಲದವನಿಗೆ ಮೈ ಜುಂ ಎಂದಿತು. ಭಾನುವಾರ ಬೆಳಿಗ್ಗೆ ಅಚ್ಚಾಗಿ ಬಂದ ಕಾರ್ಡನ್ನು ನೋಡಿದರೆ ನನಗೇ ಭಯವಾಗಬೇಕು, ಹಾಗಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ವನಜ, ಮನೆಯಿಂದ ಹೊರಡುವ ಕಾರ್ಡು ಬರಿದಾಗಿ ಹೋಗಬಾರದೆಂದು ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿಬಿಟ್ಟಿದ್ದಳು. ಸಿರಿ ಅದನ್ನು ಓದಲೂ ಪುರುಸೊತ್ತಿಲ್ಲದೆ ಮೂಲೆಗಳನ್ನು ಉಜ್ಜಿಕೊಳ್ಳುತ್ತಲೇ ಆಟೋ ಹತ್ತಿದಳು.

ಸಂಜೆ ಬಂದವಳು ಚಪ್ಪಲಿಯನ್ನು ಮೂಲೆಗೆ ಎಸೆದಳು. "ಸೋತೆ. ತಗೋ, ಕೊನೇ ಲೈನ್ ಓದು," ಎಂದು ಕಾರ್ಡನ್ನು ನನ್ನ ಮುಂದೆ ಹಿಡಿದಳು.

ಅಂದು ಕರಡು ತಿದ್ದಿದಾಗ ಕಾರ್ಡಿನ ಕೆಳಗೆ ಕಾಲಂಗುಲ ಜಾಗ ಖಾಲಿ ಉಳಿದಿತ್ತು. ಅವಳು ಎದ್ದುಹೋದ ಮೇಲೆ ಯಾವ ಮಾಯದಲ್ಲಿ ತುಂಬಿಸಿದೆನೋ, ದೇವರಾಣೆ ನೆನಪಿಲ್ಲ. "ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಬೇಕಾಗಿ ವಿನಂತಿ" ಎಂದಿತ್ತು.

"ಬಂದ್ರು ಅಪ್ಪಾ! ರೂಲ್ ಅಂದ್ರೆ ರೂಲು ಅಂತ ರಾಕ್ಷಸರು, ಡ್ರ್ಯಾಗನ್ನು, ಅದರ ಮರಿಗಳು, ಎಲ್ಲಾ ಸಾಲಾಗಿ ನನ್ನ ಕೋಟೆಯೊಳಗೆ ಬಂದ್ರು!"

ಅವಳ ಕಣ್ಣಲ್ಲಿ ನೀರಿತ್ತು. ತಪ್ಪಾಯ್ತು ಮಗಳೇ ಎನ್ನಬೇಕೆಂದೇ ಬಾಯಿ ತೆರೆದೆ. ಆದರೆ ಹೊರಗೆ ಬಂದದ್ದು, "ಅಷ್ಟು ಜನಕ್ಕೆ ಊಟ ಸಾಲ್ತಾ?"