ಜೇಡದ ಕೆಳಗೆ ಮಲಗಿದ ಭಾನುವಾರ

ಜೇಡದ ಫೋಟೋ ತೆಗೆಯುವುದು ಕಷ್ಟವೆಂದು ಯಾರು ಹೇಳಿದರೂ ನಾನು ನಂಬುತ್ತಿರಲಿಲ್ಲ. ಜೇಡ ಓಡುವುದಿಲ್ಲ, ಹಾರುವುದಿಲ್ಲ, ಕೂದಲು ಸರಿಮಾಡಿಕೊಳ್ಳುತ್ತೇನೆ ತಡಿ ಎನ್ನುವುದಿಲ್ಲ. ಇದ್ದಲ್ಲೇ ಸುಮ್ಮನೆ ಕೂತಿರುತ್ತದೆ. ಸುರಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನನಗೆ ಇಂಥವರ ಜೊತೆ ಹೊಂದಿಕೊಂಡು ಹೋಗುವ ಅಭ್ಯಾಸ ಚೆನ್ನಾಗಿಯೇ ಇತ್ತು.

ನಮ್ಮ ಅಂಗಳದ ದಾಸವಾಳದ ಗಿಡದಲ್ಲಿ ಒಂದು ಜೇಡ ಬಲೆ ಕಟ್ಟಿತ್ತು. ಮೈಮೇಲೆ ಹಳದಿ, ಬೆಳ್ಳಿ ಪಟ್ಟೆ. ಬಲೆಯ ನಡುವೆ ನಮ್ಮ ಸಾಹೇಬರ ಸಹಿಯಂತೆ ಅಂಕುಡೊಂಕು ಬಿಳಿ ಗೀಟು. ನಾನು ಹೊಸದಾಗಿ ಒಂದು ಮ್ಯಾಕ್ರೋ ಲೆನ್ಸ್ ತಂದಿದ್ದೆ. ಸಾಸಿವೆಯನ್ನು ಕುಂಬಳಕಾಯಿಯಷ್ಟು ಮಾಡಿ ತೋರಿಸುವಂಥದ್ದು. ಅದಕ್ಕೆ ಈ ಜೇಡವೇ ಮೊದಲ ಗಿರಾಕಿ.

ಅಷ್ಟರಲ್ಲಿ ಹೆಂಡತಿ ಸಾವಿತ್ರಿ ಕಸಬರಿಗೆ ಹಿಡಿದು ಬಂದಳು. ನನ್ನ ಅಣ್ಣನ ಮಗಳು ರೇಣುಕಾ ನಮ್ಮಲ್ಲೇ ಇದ್ದು ಇಲ್ಲಿನ ಶಾಲೆಯೊಂದರಲ್ಲಿ ಕಲಿಸುತ್ತಾಳೆ. ಆ ಭಾನುವಾರ ಅವಳನ್ನು ನೋಡಲು ಕೆಂಭಾವಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಫೋಟೋದಲ್ಲೇ ರೇಣುಕಾಗೆ ಹಿಡಿಸಿದ್ದ. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮುಂಜಾನೆಯಿಂದ ಮೂರು ಸೀರೆ ಬದಲಿಸಿದ್ದಳು.

"ಬೀಗರು ಬರೋ ಮನ್ಯಾಗ ಜ್ಯಾಡರ ಬಲಿ ಇಟ್ಕೊಂಡು ಕುಂದ್ರಬೇಕೇನ್ರಿ?" ಎಂದಳು ಸಾವಿತ್ರಿ.

"ಅವರು ಬರೋದು ಊಟದ ಹೊತ್ತಿಗಿ. ಅಷ್ಟರಾಗ ಮುಗಸ್ತೀನಿ. ಆಮ್ಯಾಲ ಬಲಿ ತಗಿ, ಬೇಕಾದ್ರ ನನ್ನೂ ತಗಿ."

ಎರಡನೆಯ ಮಾತನ್ನು ಅವಳು ಗಂಭೀರವಾಗಿಯೇ ಪರಿಶೀಲಿಸಿದಂತೆ ಕಂಡಿತು.

ಜೇಡದ ಹೊಟ್ಟೆಯ ಚಿತ್ತಾರ ಕೆಳಗಿನಿಂದಷ್ಟೇ ಕಾಣುತ್ತಿತ್ತು. ಹಾಗಾಗಿ ಅಂಗಳಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಅಂಗಾತ ಮಲಗಿ, ಕ್ಯಾಮೆರಾ ಸಮೇತ ತಲೆಯನ್ನು ಗಿಡದೊಳಗೆ ತೂರಿಸಿದೆ. ಕಾಲು ಗೇಟಿನ ಕಡೆಗೆ. ಬಿಳಿ ಬಟ್ಟೆಯಿಂದ ಬೆಳಕು ಮೇಲಕ್ಕೆ ಚಿಮ್ಮುತ್ತದೆಂದು ಮೊಬೈಲಿನಲ್ಲಿ ನೋಡಿದ್ದೆ, ಒಂದು ಬಿಳಿ ದುಪ್ಪಟಿ ಹೊದ್ದುಕೊಂಡೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ಹೊಗೆಯಿಂದ ತಿಳಿಯಲು ತಲೆಯ ಹತ್ತಿರ ಎರಡು ಊದಿನಕಡ್ಡಿ ಹಚ್ಚಿಟ್ಟೆ. ದೇವಾಪುರದಿಂದ ಬೇಗನೆ ಬಂದಿದ್ದ ಅಣ್ಣನನ್ನು ಪಕ್ಕದಲ್ಲಿ ಕೂರಿಸಿ, ಅಲುಗಾಡದಂತೆ ಟೊಂಗೆ ಹಿಡಿಯಲು ಹೇಳಿದೆ. ಅವನು ಟವೆಲ್ಲನ್ನು ತಲೆಗೆ ಹಾಕಿಕೊಂಡು, ಮುಖ ಬಾಗಿಸಿ, ಮಾತಿಲ್ಲದೆ ಕೂತ. ಎರಡು ದಾಸವಾಳದ ಹೂವು ನನ್ನ ಎದೆಯ ಮೇಲೆ ಬಿದ್ದವು. ವ್ಯವಸ್ಥೆ ಪೂರ್ಣವಾಯಿತು.

ಗಂಡಿನ ಕಡೆಯವರು ಟಂಟಂ ಆಟೋ ಮಾಡಿಕೊಂಡು ಬೇಗ ಬಂದುಬಿಟ್ಟರು.

ಹುಡುಗನ ತಾಯಿ ಗುರಮ್ಮ ಗೇಟು ತೆರೆದು ಅಲ್ಲೇ ನಿಂತರು. ಚಪ್ಪಲಿ ಬಿಟ್ಟು ಮೆಲ್ಲಗೆ ಬಂದು ಅಣ್ಣನನ್ನು ಕೇಳಿದರು:

"ಯಾವಾಗ ಆತ್ರಿ?"

ನಾನು ಮಲಗಿದ ಹೊತ್ತನ್ನು ಕೇಳುತ್ತಿದ್ದಾರೆಂದು ಅಣ್ಣ ತಿಳಿದ. "ಮುಂಜಾನಿ ಚಾ ಕುಡದು ಮಕ್ಕೊಂಡಾನ್ರಿ. ಆಗಿನಿಂದ ಹಿಂಗ ಅದಾನ."

"ಏನಾಗಿತ್ರಿ?"

"ಜ್ಯಾಡ್ರಿ. ಇಷ್ಟ ಇಷ್ಟ ಅದ," ಎಂದು ಬೆರಳು ತೋರಿಸಿದ.

"ಇಷ್ಟೀಟು ಜ್ಯಾಡಕ್ಕ ಇಂಥಾ ಮನುಷ್ಯಾ ಹ್ವಾದ್ನಲ್ರಿ," ಎಂದು ಗುರಮ್ಮ ಅಳಲು ಶುರುಮಾಡಿದರು.

ನನಗೆ ಎಲ್ಲವೂ ಕೇಳಿಸುತ್ತಿತ್ತು. ಬದುಕಿದ್ದೇನೆ ಎಂದು ಹೇಳುವುದು ನನ್ನ ಕರ್ತವ್ಯವಾಗಿತ್ತು. ಆದರೆ ಆಗಷ್ಟೇ ಫೋಕಸ್ ಕೂತಿತ್ತು, ಉಸಿರು ಬಿಟ್ಟರೆ ಹೋಗುತ್ತಿತ್ತು. ಅಲ್ಲದೆ ನನ್ನನ್ನು ಒಮ್ಮೆಯೂ ನೋಡಿರದ ಆ ತಾಯಿ "ದೇವ್ರಂಥಾ ಮನುಷ್ಯಾ, ಮನೀಗಿ ಆಧಾರ ಆಗಿದ್ದ" ಎನ್ನುತ್ತಿದ್ದರು. ಈ ಮನೆಯಲ್ಲಿ ನನ್ನ ಬಗ್ಗೆ ಅಂಥ ಮಾತು ಕೇಳಿ ಬಹಳ ಕಾಲವಾಗಿತ್ತು. ಇನ್ನೂ ಸ್ವಲ್ಪ ಹೊತ್ತು ಮಲಗಿದೆ.

ಅಳು ಕೇಳಿ ಸಾವಿತ್ರಿ ಹೂರಣದ ಕೈಯಲ್ಲೇ ಹೊರಗೆ ಬಂದಳು. "ಏಳ್ರಿ ಮ್ಯಾಲ. ಬೀಗರು ಬಂದಾರ."

ಗುರಮ್ಮ ಅವಳನ್ನು ತಬ್ಬಿಕೊಂಡು, "ಅವರು ಇನ್ನ ಏಳಂಗಿಲ್ಲವ್ವ, ಧೈರ್ಯಾ ತಗೋ," ಎಂದರು.

ನಾನು ಎದ್ದೆ.

ಎದ್ದ ರಭಸಕ್ಕೆ ಬಲೆ ನನ್ನ ಮುಖಕ್ಕೆ ಅಂಟಿತು, ಜೇಡ ಮೂಗಿನ ಮೇಲೆ ಬಂದು ನಿಂತಿತು. ಗುರಮ್ಮ ಒಂದು ಹಾರಿಗೆ ಗೇಟು ದಾಟಿದರು. ಅವರಿಗಿಂತ ಮೊದಲೇ ಟಂಟಂ ಹೊರಟುಹೋಗಿತ್ತು. ಇಲ್ಲದಿದ್ದರೆ ಅದನ್ನೇ ಹತ್ತಿ ಹೋಗಿಬಿಡುತ್ತಿದ್ದರು, ಸಂಬಂಧ ಅಲ್ಲಿಗೇ ಮುಗಿಯುತ್ತಿತ್ತು. ಸಾವಿತ್ರಿ ಫೋಟೋದ ಕಥೆ ಹೇಳಿ ಅವರನ್ನು ಒಳಗೆ ಕರೆತಂದಳು.

ಚಹಾದ ತಟ್ಟೆ ಹಿಡಿದು ನಾಚಿಕೊಂಡು ಬರಬೇಕಿದ್ದ ರೇಣುಕಾ ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಹುಡುಗನೂ ಗೋಡೆ ಹಿಡಿದು ನಗುತ್ತಿದ್ದ. ಅವಳು ಬಂದು ನನ್ನ ಮೂಗಿನ ಮೇಲಿದ್ದ ಜೇಡವನ್ನು ಎಲೆಯೊಂದಕ್ಕೆ ಹತ್ತಿಸಿಕೊಂಡು ಗಿಡಕ್ಕೆ ಬಿಟ್ಟಳು. ಅವನು ಟೊಂಗೆ ಬಾಗಿಸಿ ಹಿಡಿದ. ಇಬ್ಬರೂ ಮಾತಾಡುತ್ತಾ ಅಲ್ಲೇ ನಿಂತುಬಿಟ್ಟರು. ಕ್ಯಾಮೆರಾ ನೋಡಿದೆ. ಏಳುವ ಗಡಿಬಿಡಿಯಲ್ಲಿ ಕ್ಯಾಮೆರಾ ನನ್ನ ಕಡೆಗೇ ತಿರುಗಿ ಒಂದೇ ಚಿತ್ರ ಬಂದಿತ್ತು, ನನ್ನ ಮೂಗಿನದು. ಅದೂ ಮಸುಕು.

ಊಟವಾದ ಮೇಲೆ ಗುರಮ್ಮ ಎಲೆಯಡಿಕೆ ಮಡಚುತ್ತಾ ತೀರ್ಮಾನ ಹೇಳಿದರು. "ಹುಡುಗಿ ನಮಗ ಒಪ್ಪಿಗಿ ಅದ. ಇಂಥಾ ಕಾಕಾನ ಜೋಡಿ ಇಷ್ಟು ದಿನ ಇದ್ದಾಳಂದ್ರ, ನಮ್ಮ ಹುಡುಗನ ಜೋಡಿ ಆರಾಮ ಬಾಳೇ ಮಾಡ್ತಾಳ." ಆಮೇಲೆ ಸಾವಿತ್ರಿಯ ಕಡೆ ತಿರುಗಿ ದನಿ ತಗ್ಗಿಸಿದರು. "ಮದವಿ ದಿನ ಮಾತ್ರ ಇವರನ್ನ ಮಲಗಿಸಬ್ಯಾಡ್ರಿ. ನಿಂದರಿಸೇ ಇಡ್ರಿ."

ಮದುವೆಯಲ್ಲಿ ನನಗೆ ಪಂಕ್ತಿಗೆ ನೀರು ಬಡಿಸುವ ಕೆಲಸ ಬಂತು. ಕೊನೆಯ ಎಲೆ ಏಳುವವರೆಗೂ ಸಾವಿತ್ರಿ ಕೂರಲು ಸಹ ಬಿಡಲಿಲ್ಲ.